ಜೇಬಿಗೆ ಒಂದೇ ಚಾಕು

ಪ್ಯಾಂಟು ಒಗೆಯಲು ಹಾಕುವ ಮುಂಚೆ ಜೇಬು ತಡಕುವ ಅಭ್ಯಾಸ ನನ್ನ ಹೆಂಡತಿ ಅನಸೂಯಳಿಗೆ ಮದುವೆಯಾದ ಹೊಸತರಲ್ಲಿ ಇರಲಿಲ್ಲ. ಅದನ್ನು ಕಲಿಸಿದ ಕೀರ್ತಿ ನನ್ನದು. ಬೇರೆ ಗಂಡಸರ ಜೇಬಿನಲ್ಲಿ ಬಸ್ಸಿನ ಟಿಕೀಟು, ಅಡಕೆ ಚೂರು, ಅದೃಷ್ಟವಿದ್ದರೆ ಮರೆತುಹೋದ ಒಂದು ನೋಟು ಸಿಗುತ್ತದಂತೆ. ನನ್ನ ಜೇಬಿನಲ್ಲಿ ಚಾಕು ಸಿಗುತ್ತದೆ. ಪ್ರತಿ ಪ್ಯಾಂಟಿನಲ್ಲೂ ಒಂದು, ಒಂದರ ಹಾಗೆ ಇನ್ನೊಂದಿಲ್ಲ. ಹೋದ ವರ್ಷ ಮನೆಗೆ ವಾಷಿಂಗ್ ಮೆಷೀನು ಬಂತು. ಬಂದ ಸ್ವಲ್ಪ ದಿನಕ್ಕೇ ಅದು ಕಟಕಟ ಹಲ್ಲು ಕಡಿಯಲು ಶುರುಮಾಡಿತು. ರಿಪೇರಿಯವನು ಬಂದು ಡ್ರಮ್ಮು ಬಿಚ್ಚಿ, ಒಳಗಿಂದ ಮೀನಿನ ಆಕಾರದ ಮಡಿಸುವ ಚಾಕುವೊಂದನ್ನು ತೆಗೆದು, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ಇದು ವಾರಂಟಿಯಲ್ಲಿ ಬರುವುದಿಲ್ಲ ಎಂದ. ಬರುತ್ತದೆ ಎಂದು ನಾನೂ ಹೇಳಿರಲಿಲ್ಲ.

ಆ ಸಂಜೆ ಅನಸೂಯ ನನ್ನ ಚಾಕುಗಳನ್ನೆಲ್ಲ ಹುಡುಕಿ ತೆಗೆದು, ಆಯುಧಪೂಜೆಗೆ ಜೋಡಿಸಿದ ಹಾಗೆ ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಅಷ್ಟಿವೆ ಎಂದು ನನಗೂ ಗೊತ್ತಿರಲಿಲ್ಲ. ಕಳೆದೇಹೋದವು ಎಂದುಕೊಂಡಿದ್ದ ಕೆಲವನ್ನು ಕಂಡು ಒಳಗೊಳಗೇ ಖುಷಿಯಾಯಿತು. ಸಮಯ ಅಂಥದ್ದಲ್ಲವಾದ್ದರಿಂದ ಮುಖದಲ್ಲಿ ತೋರಿಸಲಿಲ್ಲ.

"ಒಂದು ಇಟ್ಕಳಿ," ಅಂದಳು. "ಮಿಕ್ಕಿದ್ದೆಲ್ಲ ಟ್ರಂಕಿಗೆ ಹೋಯ್ತವೆ. ಬೀಗದ ಕೈ ನನ್ನತ್ರ ಇರ್ತದೆ. ಹೊಸದು ತಂದ್ರೆ ಇರೋದೂ ಹೋಯ್ತದೆ."

ನಾನು ಒಪ್ಪಿದೆ. ಒಂದೇ ಚಾಕುವಿನಲ್ಲಿ ಬಾಳುವೆ ಮಾಡುವ ಜನ ಲೋಕದಲ್ಲಿ ಎಷ್ಟಿಲ್ಲ ಎಂದೆ. ಚಾಕುವೇ ಇಲ್ಲದೆ ಬಾಳುವವರೂ ಇದ್ದಾರೆ ಎಂದು ಅವಳು ನೆನಪಿಸಿದಳು.

ನನ್ನ ಪರವಾಗಿ ಒಂದು ಮಾತು ಹೇಳಿಕೊಳ್ಳಬೇಕು. ನಾನು ಹಿಂದೂಪುರದ ಹುಣಸೆ ಮಂಡಿಯಲ್ಲಿ ಕೆಲಸ ಮಾಡುವವನು. ಬಂದ ಮೂಟೆಯ ಹೊಲಿಗೆ ಬಿಚ್ಚಿ, ತುಳಿದು ಗಟ್ಟಿಯಾದ ಹಣ್ಣಿನೊಳಗೆ ಚಾಕು ಇಳಿಸಿ, ಸೀಳಿ ನೋಡದೆ ಬೆಲೆ ಹೇಳುವಂತಿಲ್ಲ. ಹುಣಸೆಹಣ್ಣು ಮೇಲೆ ಕೆಂಪಗೆ ನಗುತ್ತಿರುತ್ತದೆ, ಒಳಗೆ ಏನಿದೆಯೋ ಅದರ ಮಾಲೀಕನಿಗೇ ಗೊತ್ತು. ಹಾಗಾಗಿ ನನಗೆ ಚಾಕು ಬೇಕು ಎನ್ನುವುದಕ್ಕೆ ಕಾರಣವಿದೆ. ಇಷ್ಟೊಂದು ಚಾಕು ಬೇಕು ಎನ್ನುವುದಕ್ಕೆ ಇಲ್ಲ.

ಹುಟ್ಟಿನಿಂದ ನಾವು ನೇಕಾರರು. ಅಪ್ಪ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟಕ್ಕೆ ಏಳುತ್ತಿದ್ದದ್ದೇ ದೊಡ್ಡದು. ಮನೆಗೆಲ್ಲ ಒಂದೇ ಚಾಕು, ಅದು ಅಪ್ಪನದು. ಮುಗಿದ ಸೀರೆಯನ್ನು ಮಗ್ಗದಿಂದ ಕೊಯ್ದು ಬಿಡಿಸಲು ಮಾತ್ರ ಅದು ಹೊರಗೆ ಬರುತ್ತಿತ್ತು. ಮಕ್ಕಳು ಮುಟ್ಟುವಂತಿರಲಿಲ್ಲ. ನಾವು ಮಾವಿನಕಾಯನ್ನು ಬಾಗಿಲ ಸಂದಿಯಲ್ಲಿಟ್ಟು, ಬಾಗಿಲು ಒತ್ತಿ ಒಡೆದು, ಉಪ್ಪುಕಾರ ಸವರಿ ತಿನ್ನುತ್ತಿದ್ದೆವು. ಬಾಗಿಲಿಗೆ ಯಾವಾಗಲೂ ಹುಳಿ ವಾಸನೆ. ಪೆನ್ಸಿಲ್ಲಿಗೆ ಕ್ಷೌರದಂಗಡಿಯ ಅರ್ಧ ಬ್ಲೇಡು. ಇನ್ನು ಕಬ್ಬು ಸಿಗಿಯುವುದಕ್ಕೆ ಅಕ್ಕನ ಹಲ್ಲು.

ಅಕ್ಕ ಎಂದರೆ ಸುಶೀಲಕ್ಕ. ಅಮ್ಮ ಬೆಳಗಿನಿಂದ ರಾಟೆಯ ಮುಂದೆ ನೂಲು ಸುತ್ತುತ್ತಿದ್ದಳು, ನನ್ನನ್ನು ಸಾಕಿದವಳು ಅಕ್ಕ. ಕಬ್ಬಿನ ಸಿಪ್ಪೆಯನ್ನು ಹಲ್ಲಿನಿಂದ ಉದ್ದಕ್ಕೆ ಎಳೆದು, ಗಿಣ್ಣು ಮುರಿದು, ತಿರುಳನ್ನು ನನ್ನ ಕೈಗೆ ಕೊಡುತ್ತಿದ್ದಳು. ಸೀಬೆಕಾಯಿ ಕಚ್ಚಿ ಎರಡು ಮಾಡಿ ದೊಡ್ಡ ಹೋಳು ನನಗೆ ಕೊಡುತ್ತಿದ್ದಳು. ಅವಳನ್ನು ಕಲ್ಯಾಣದುರ್ಗಕ್ಕೆ ಮದುವೆ ಮಾಡಿ ಕಳಿಸಿದ ವಾರವೇ ನಾನು ಬಸ್‌ಸ್ಟ್ಯಾಂಡಿನ ಪಕ್ಕ ಗೋಣಿತಾಟಿನ ಮೇಲೆ ಹರಡಿದ್ದ ಸಾಮಾನುಗಳಲ್ಲಿ ನನ್ನ ಮೊದಲನೆಯ ಚಾಕು ಕೊಂಡೆ. ಎರಡಕ್ಕೂ ಸಂಬಂಧವಿದೆ ಎಂದು ಆಗ ಹೊಳೆಯಲಿಲ್ಲ. ಈಗಲೂ ಇದೆ ಎಂದು ಗಟ್ಟಿಯಾಗಿ ಹೇಳಲಾರೆ. ಆಮೇಲೆ ಮಾತ್ರ ಎಲ್ಲಿ ಹೋದರೂ ಒಂದು ಚಾಕು ತರುವುದು ಚಾಳಿಯಾಯಿತು.

ಟ್ರಂಕಿಗೆ ಹೋಗಬೇಕಾದವು ಯಾವುವು, ಉಳಿಯಬೇಕಾದ್ದು ಯಾವುದು ಎಂದು ತೀರ್ಮಾನಿಸಲು ನನಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ಬೆಂಗಳೂರಿನ ಫುಟ್‌ಪಾತಿನಲ್ಲಿ ಕೊಂಡ ಕೆಂಪು ಚಾಕುವಿನಲ್ಲಿ ಕತ್ತರಿ, ಚಮಚ, ಸ್ಕ್ರೂಡ್ರೈವರು, ಹಲ್ಲುಕಡ್ಡಿ ಎಲ್ಲ ಇದ್ದವು. ಅದರ ಬ್ಲೇಡು ತೆರೆಯಲು ಮಾತ್ರ ಇನ್ನೊಂದು ಚಾಕು ಬೇಕಾಗುತ್ತಿತ್ತು. ಗುಂಡಿ ಒತ್ತಿದರೆ ತೆರೆಯುವ ಇನ್ನೊಂದಿತ್ತು. ಅದು ಒಂದು ಸಲ ಸಾವಿನ ಮನೆಯಲ್ಲಿ, ನಾನು ಎಲ್ಲರ ನಡುವೆ ಕೂತಿದ್ದಾಗ, ತಾನಾಗಿಯೇ ಜೇಬಿನೊಳಗೆ ತೆರೆದುಕೊಂಡಿತು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿ ಆ ಮನೆಯವರು, ನಿಮಗೂ ಅವರಿಗೂ ಇಷ್ಟು ಹತ್ತಿರ ಎಂದು ಗೊತ್ತಿರಲಿಲ್ಲ ಎಂದು ನನ್ನನ್ನೇ ಸಮಾಧಾನ ಮಾಡಿದರು. ಕೊನೆಗೆ ಮರದ ಹಿಡಿಯ, ಒಂದೇ ಬ್ಲೇಡಿನ, ಕಿರುಬೆರಳುದ್ದದ ಚಾಕುವನ್ನು ಆರಿಸಿದೆ. ಅದರಲ್ಲಿ ಹೇಳಿಕೊಳ್ಳುವಂಥ ದೋಷ ಯಾವುದೂ ಇರಲಿಲ್ಲ, ನನಗೆ ಅದು ಅಷ್ಟಾಗಿ ಇಷ್ಟವಿರಲಿಲ್ಲ ಅನ್ನುವುದೊಂದನ್ನು ಬಿಟ್ಟರೆ. ಸಂಬಂಧ ನೋಡುವಾಗ ಹಿರಿಯರು ಒಪ್ಪಿ ಮುಗಿಸುವಂಥ ಚಾಕು.

ಇಷ್ಟವಿಲ್ಲದ್ದರ ಜೊತೆ ಬಾಳುವುದು ಹೇಗೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರುತ್ತದೆ. ಕಷ್ಟ ಶುರುವಾದದ್ದು ಬಾಷಾನ ಅಂಗಡಿಯಿಂದ. ಮಂಡಿಯ ದಾರಿಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ನಾನು ಹಾದುಹೋಗುವಾಗೆಲ್ಲ ಗಲ್ಲಾದ ಕೆಳಗಿನಿಂದ ಏನೋ ತೆಗೆದು, "ಕೊತ್ತದಿ ವಚ್ಚಿಂದಿ ಸಾಮಿ" ಎನ್ನುತ್ತಿದ್ದ. ಹೊಸದು ಬಂದಿದೆ ಎನ್ನುವುದನ್ನು ಅವನು ಎಷ್ಟು ಮೆತ್ತಗೆ ಹೇಳುತ್ತಿದ್ದನೆಂದರೆ ದಾರಿಹೋಕರು ನನ್ನ ನಡತೆಯ ಬಗ್ಗೆ ಅನುಮಾನ ಪಡುವ ಹಾಗಿತ್ತು. ನಾನು ಬೇರೆ ಬೀದಿ ಹಿಡಿದು ಮಂಡಿಗೆ ಹೋಗತೊಡಗಿದೆ. ಒಂದು ದಿನ ಬಾಷಾ ಆ ಬೀದಿಗೇ ಬಂದು, ಮೈ ಹುಷಾರಿಲ್ಲವಾ ಎಂದು ಕೇಳಿದ.

ಮಂಡಿಯಲ್ಲಿ ಇನ್ನೊಂದು ಬಗೆ. ಹಲವು ಚಾಕುಗಳಿದ್ದಾಗ ಯಾವುದು ಯಾವ ಜೇಬಿನಲ್ಲಿದೆ ಎಂದು ನನಗೇ ತಿಳಿಯದೆ ತಡಕುತ್ತಿದ್ದೆ, ಕೇಳಿದವರು ಬೇಸತ್ತು ಹೋಗುತ್ತಿದ್ದರು. ಒಂದೇ ಆದ ಮೇಲೆ ಅದರ ವಿಳಾಸ ಎಲ್ಲರಿಗೂ ಗೊತ್ತಾಯಿತು. ಸೋಮಂದೇಪಲ್ಲಿಯ ರೈತನೊಬ್ಬ ಅದರಲ್ಲಿ ಕಾಲಿನ ಮುಳ್ಳು ತೆಗೆದುಕೊಂಡ. ಲಾರಿಯ ಡ್ರೈವರು ಬ್ಯಾಟರಿಯ ತುಕ್ಕು ಕೆರೆದ. ಲೇಪಾಕ್ಷಿಯಿಂದ ದಿನವೂ ಬಸ್ಸಿನಲ್ಲಿ ಬರುವ ನಮ್ಮ ಗುಮಾಸ್ತ ಹೆಬ್ಬೆರಳಿನ ಉಗುರು ಕತ್ತರಿಸಿಕೊಂಡು, ಒರೆಸದೆ, ಅದೇ ಚಾಕುವಿನಲ್ಲಿ ನನಗೆ ಸೇಬು ಹೆಚ್ಚಿ ಕೊಟ್ಟ. ಹಸಿವಿಲ್ಲ ಎಂದೆ. ಒಂದು ಸಲ ಬೆಂಗಳೂರಿಗೆ ಹೋದಾಗ, ಮೆಟ್ರೊದಲ್ಲಿ ಚಾಕುವನ್ನು ಹೀಗೆ ಜೇಬಿನಲ್ಲಿಟ್ಟುಕೊಂಡು ಒಳಗೆ ಹೋಗಲಾಗದೆಂದು ತಿಳಿದು, ನಿಲ್ದಾಣದ ಹೊರಗಿನ ಒಂದು ಹೂಕುಂಡದ ಮಣ್ಣಿನಲ್ಲಿ ಅದನ್ನು ಹೂತಿಟ್ಟು ಹೋದೆ. ಸಂಜೆ ಬಂದು ನೋಡಿದರೆ ಅಲ್ಲಿ ಅಂಥವೇ ಕುಂಡಗಳ ಸಾಲು, ಚಾಕು ಸಿಕ್ಕಿದ್ದು ಕೊನೆಯದರಲ್ಲಿ. ಪಂಚೆ ಎತ್ತಿಕಟ್ಟಿಕೊಂಡು ಒಂದೊಂದೇ ಕುಂಡ ಕೆದಕುತ್ತಿದ್ದವನನ್ನು ನೋಡಿ, ಹೆಂಗಸೊಬ್ಬರು ಪಕ್ಕದಲ್ಲಿದ್ದ ಮಗಳಿಗೆ, ನೋಡು, ಗಿಡಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಎಂದರು. ನಾನು ಎರಡು ಒಣಗಿದ ಎಲೆ ಕಿತ್ತು ಪಕ್ಕಕ್ಕೆ ಹಾಕಿದೆ.

ಇಷ್ಟಾದರೂ ನಾನು ಮಾತು ತಪ್ಪಿರಲಿಲ್ಲ. ಹಾಗಿರುವಾಗ ಕಲ್ಯಾಣದುರ್ಗದಿಂದ ಭಾವನ ಫೋನು ಬಂತು.

ಭಾವ ನಾಗಭೂಷಣ, ಸುಶೀಲಕ್ಕನ ಗಂಡ, ಬಸ್ ಕಂಡಕ್ಟರಾಗಿದ್ದು ರಿಟೈರಾದವರು. ಎದುರಿಗಿದ್ದವರೆಲ್ಲ ಟಿಕೀಟಿಲ್ಲದೆ ಹತ್ತಿದವರು ಎನ್ನುವ ಹಾಗೆ ನೋಡುವುದನ್ನು ಅವರು ರಿಟೈರಾದ ಮೇಲೂ ಬಿಟ್ಟಿಲ್ಲ. ನನ್ನ ಚಾಕುವಿನ ಬಗ್ಗೆ ಅವರಿಗೆ ಭಯವಿತ್ತು. ಅದನ್ನು ಪೂರ್ತಿ ತಪ್ಪೆನ್ನಲಾಗದು. ನಮ್ಮ ಸೀಮೆಯಲ್ಲಿ ಹಳೆಯ ಹಗೆಗಳ ಕತೆ ಕೇಳದೆ ಬೆಳೆದವರಿಲ್ಲ, ಸಿನಿಮಾದವರು ಅದಕ್ಕೆ ಇನ್ನಷ್ಟು ಸೇರಿಸಿದ್ದಾರೆ. ಸಾಲದ್ದಕ್ಕೆ ಭಾವನ ಮಾತು ಅರ್ಧ ತೆಲುಗು. ತೆಲುಗಿನಲ್ಲಿ ಚಾಕುವೂ ಕತ್ತಿಯೇ, ರಾಜರ ಕೈಯಲ್ಲಿರುವುದೂ ಕತ್ತಿಯೇ. ಕಿರುಬೆರಳುದ್ದದ ನನ್ನ ಚಾಕು ಭಾವನ ಬಾಯಲ್ಲಿ ಬರುವಷ್ಟರಲ್ಲಿ ಕುದುರೆ ಏರಿರುತ್ತಿತ್ತು. ಅವರ ಹಿರಿಯ ಮಗಳ ಮದುವೆಯಲ್ಲಿ ಯಾರೋ ಬಾಸಿಂಗದ ದಾರ ಕತ್ತರಿಸಲು ಬ್ಲೇಡು ಕೇಳಿದರು. ನಾನು ಚಾಕು ತೆಗೆದು ಚಟ್ಟನೆ ಬಿಚ್ಚಿದೆ. ಗಂಡಿನ ಚಿಕ್ಕಪ್ಪ ಕುರ್ಚಿ ಬಿಟ್ಟು ಎದ್ದು ನಿಂತರು. ದಾರವೇನೋ ತುಂಡಾಯಿತು, ಆದರೆ ಆ ಚಿಕ್ಕಪ್ಪ ಊಟ ಮುಗಿಯುವವರೆಗೂ ನನ್ನ ಕಡೆ ಬೆನ್ನು ಮಾಡಿ ಕೂರಲಿಲ್ಲ. ಭಾವ ಅದನ್ನು ಮರೆತಿರಲಿಲ್ಲ.

ಈಗ ಕಿರಿಯ ಮಗಳು ಪದ್ಮಳ ನಿಶ್ಚಿತಾರ್ಥ. ಗಂಡಿನ ಕಡೆಯವರು ಒಳ್ಳೆಯ ಜನ, ಸ್ವಲ್ಪ ಅಂಜುಬುರುಕರು ಎಂದು ಭಾವ ವಿವರಿಸಿ, ವಿಷಯಕ್ಕೆ ಬಂದರು.

"ಆ ಕತ್ತಿ ಮಾತ್ರಂ ತರಬ್ಯಾಡ ಕಣಯ್ಯ. ಪೆಂಡ್ಲಿವಾರು ಹೆದರ್ಕಂಬುಡ್ತಾರೆ."

ಆಗಲಿ ಭಾವ ಎಂದೆ. ಹೊರಡುವ ದಿನ ಬೆಳಗ್ಗೆ ಅನಸೂಯಳ ಕಣ್ಣೆದುರಿಗೇ ಚಾಕುವನ್ನು ತೆಗೆದು ಗೂಡಿನಲ್ಲಿಟ್ಟೆ. ಆಮೇಲೆ ಚಪ್ಪಲಿ ಹಾಕಿಕೊಂಡೆ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಂದೇ ಚಾಕು, ಅದು ಸದಾ ಜೊತೆಗಿರಬಹುದು ಎನ್ನುವುದು ನಾನೂ ಅನಸೂಯಳೂ ಮಾಡಿಕೊಂಡ ಕರಾರು. ಕಲ್ಯಾಣದುರ್ಗದಲ್ಲಿ ಅದು ನಡೆಯುವುದಿಲ್ಲ ಎಂದು ಅವಳೇನೂ ಹೇಳಿರಲಿಲ್ಲ. ಚಾಕುವನ್ನು ಕರ್ಚೀಫಿನಲ್ಲಿ ಸುತ್ತಿ, ನಿಶ್ಚಿತಾರ್ಥಕ್ಕೆಂದು ಕೊಂಡೊಯ್ಯುತ್ತಿದ್ದ ಬ್ಯಾಗಿನ ತಳಕ್ಕೆ ಸೇರಿಸಿ, ಮೇಲೆ ವೀಳ್ಯದೆಲೆಯ ಕಟ್ಟು, ಅದರ ಮೇಲೆ ಬಾಳೆಹಣ್ಣಿನ ಚಿಪ್ಪು ಇಟ್ಟೆ. ಪಾವಗಡದಲ್ಲಿ ಬಸ್ಸು ಬದಲಿಸಿದೆವು. ಆ ಬ್ಯಾಗನ್ನು ನಾನೇ ಹಿಡಿದುಕೊಳ್ಳುತ್ತೇನೆ ಎಂದದ್ದಕ್ಕೆ ಅನಸೂಯ, ಎಂದೂ ಇಲ್ಲದ್ದು ಇವತ್ತೇನು ಎಂದಳು. ನಾನು ಕಿಟಕಿಯ ಹೊರಗೆ ಕಡಲೆಕಾಯಿ ಹೊಲ ನೋಡುತ್ತ ಕೂತೆ.

ಮರುದಿನ ನಿಶ್ಚಿತಾರ್ಥ ಇದ್ದದ್ದು ಊರಾಚೆಯ ಒಂದು ಚಿಕ್ಕ ಕಲ್ಯಾಣಮಂಟಪದಲ್ಲಿ. ಸುಶೀಲಕ್ಕ ಅಂದು ಅಪ್ಪ ಅವಳ ಮದುವೆಗೆಂದು ತನ್ನ ಕೈಯಾರ ನೇಯ್ದ ರೇಷ್ಮೆ ಸೀರೆ ಉಟ್ಟಿದ್ದಳು. ಬದನೆಕಾಯಿ ಬಣ್ಣದ ಒಡಲು, ಅರಿಶಿನದ ಅಂಚು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ ಮತ್ತೆ ಮಡಿಸಿಡುತ್ತಿದ್ದಳೇ ಹೊರತು ಉಡುತ್ತಿರಲಿಲ್ಲ. ಅಪ್ಪ ಇಲ್ಲ, ಮಗ್ಗವೂ ಇಲ್ಲ, ಅವನ ಕೈಯ ಕೆಲಸವೆಂದು ಉಳಿದದ್ದು ಅದೊಂದೇ. ಭಾವ ಬೈಕು ತೆಗೆದರು, ಅಕ್ಕ ಹಿಂದೆ ಕೂತಳು. ನಾನು, ಅನಸೂಯ, ಪದ್ಮ, ಹಣ್ಣಿನ ತಟ್ಟೆಗಳು, ಬ್ಯಾಗು, ಎಲ್ಲ ಹಿಂದಿನ ಆಟೋದಲ್ಲಿ.

ಕಲ್ಯಾಣದುರ್ಗದ ಗಾಳಿ ಗೊತ್ತಿದ್ದವರಿಗೆ ಹೇಳಬೇಕಾದ್ದಿಲ್ಲ. ಮಣ್ಣನ್ನು ಎತ್ತಿ ಮುಖಕ್ಕೇ ಹೊಡೆಯುತ್ತದೆ. ಅಕ್ಕ ಧೂಳಿಗೆ ಹೆದರಿ ಸೆರಗನ್ನು ತಲೆಯ ಮೇಲೆ ಎಳೆದು, ಕುತ್ತಿಗೆಗೆ ಒಂದು ಸುತ್ತು ಸುತ್ತಿಕೊಂಡಿದ್ದಳು. ಮುಂದೆ ಹೋಗುತ್ತಿದ್ದ ಬೈಕು ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಕ್ಕನೆ ನಿಂತಿತು. ಅಕ್ಕ ಪಕ್ಕಕ್ಕೆ ಜಾರಿ ರಸ್ತೆಗೆ ಬಿದ್ದಳು. ಟೈರು ಪಂಕ್ಚರಾಯಿತು ಎಂದುಕೊಂಡು ಭಾವ ಇಳಿದು ಚಕ್ರ ನೋಡಿದರು. ಚಕ್ರಕ್ಕೆ ಸೆರಗು ಸುತ್ತಿಕೊಂಡಿತ್ತು. ಸೆರಗಿನ ಇನ್ನೊಂದು ತುದಿಯಲ್ಲಿ ಅಕ್ಕನ ಕುತ್ತಿಗೆಯಿತ್ತು.

ನಾವು ಓಡಿದೆವು. ಭಾವ ಚಕ್ರವನ್ನು ಹಿಂದಕ್ಕೆ ತಿರುಗಿಸಲು ನೋಡಿದರು, ಬಟ್ಟೆ ಚೈನಿನೊಳಗೂ ಹೊಕ್ಕು ಕಚ್ಚಿಕೊಂಡಿದ್ದರಿಂದ ಅದು ಅಲುಗಲಿಲ್ಲ. ನಾನು ಸೆರಗನ್ನು ಹರಿಯಲು ನೋಡಿದೆ. ಅಪ್ಪನ ನೇಯ್ಗೆ ಬಿಗಿ ಎಂದು ಹಿಂದೂಪುರದಲ್ಲೆಲ್ಲ ಹೆಸರಿತ್ತು. ಎರಡೂ ಕೈಯಲ್ಲಿ ಎಳೆದರೂ ಒಂದು ಎಳೆ ಬಿಡಲಿಲ್ಲ. ಅಕ್ಕ ಮಾತಾಡುತ್ತಿರಲಿಲ್ಲ. ಅವಳ ಮುಖದ ಬಣ್ಣ ತಿರುಗುತ್ತಿತ್ತು.

"ನಿನ್ ಕತ್ತಿ ಎಲ್ಲಯ್ಯ?" ಅಂದರು ಭಾವ.

"ತರಬ್ಯಾಡ ಅಂದ್ರಲ್ಲ ಭಾವ," ಅಂದೆ. ಹೀಗೆ ಹೇಳಿದ್ದು ನನ್ನ ಬಾಯಿ. ಕಾಲು ಅಷ್ಟರಲ್ಲಿ ಆಟೋದ ಹತ್ತಿರ ಇತ್ತು. ಬ್ಯಾಗನ್ನು ತಲೆಕೆಳಗು ಮಾಡಿದೆ. ಬಾಳೆಹಣ್ಣು, ಅರಿಶಿನದ ಕೊಂಬು, ತೆಂಗಿನಕಾಯಿ ರಸ್ತೆಯ ಮೇಲೆಲ್ಲ ಉರುಳಿದವು. ಚಾಕು ಕಾಣಲಿಲ್ಲ. ಬ್ಯಾಗನ್ನು ಇನ್ನೊಮ್ಮೆ ಕೊಡವಿದೆ.

"ಎಲೆ ಕಟ್ಟಿನ ಸಂದಿಗೆ ಹೋಗೈತೆ, ನೋಡಿ," ಅಂದಳು ಅನಸೂಯ.

ಅವಳಿಗೆ ಹಿಂದೂಪುರದಿಂದಲೂ ಗೊತ್ತಿತ್ತು.

ಅಕ್ಕನ ಪಕ್ಕದಲ್ಲಿ ಮೊಣಕಾಲೂರಿದೆ. ಕುತ್ತಿಗೆಗೂ ಚಕ್ರಕ್ಕೂ ನಡುವೆ ಇದ್ದದ್ದು ಗೇಣಗಲ ಬಟ್ಟೆ. ಬ್ಲೇಡು ಇಡುವಾಗ ಅಕ್ಕ ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಗಟ್ಟಿಯಾಗಿತ್ತು. ಬೇಗ ಎನ್ನುತ್ತಿದ್ದಾಳೋ, ಬೇಡ ಎನ್ನುತ್ತಿದ್ದಾಳೋ ತಿಳಿಯಲಿಲ್ಲ. ತಿಳಿದುಕೊಳ್ಳುವಷ್ಟು ಹೊತ್ತು ಇರಲಿಲ್ಲ. ಕೊಯ್ದೆ. ಒಂದೇ ಸಲಕ್ಕೆ ಬರಲಿಲ್ಲ. ಗರಗಸದ ಹಾಗೆ ಎಳೆದೆಳೆದು ಕೊಯ್ಯಬೇಕಾಯಿತು. ಜರಿಯ ಅಂಚು ಕೊನೆಗೆ ಬಿಟ್ಟಿತು. ಬಿಟ್ಟ ರಭಸಕ್ಕೆ ಚಾಕು ಚಕ್ರದ ಕಡ್ಡಿಗೆ ಬಡಿದು ತುದಿ ಮುರಿಯಿತು. ಅಕ್ಕ ಎದೆ ತುಂಬ ಒಂದು ಸಲ ಗಾಳಿ ಎಳೆದುಕೊಂಡು ಕೆಮ್ಮಿದಳು. ಆ ಕೆಮ್ಮು ಕೇಳಿ ನನಗೆ ಆದ ಸಮಾಧಾನವನ್ನು ಹೇಳಲು ನನಗೆ ಬರುವುದಿಲ್ಲ.

ಭಾವ ರಸ್ತೆಯ ಮೇಲೇ ಕೂತುಬಿಟ್ಟಿದ್ದರು. ಪದ್ಮ ಅಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅಳುತ್ತಿದ್ದಳು. ಆ ಹೊತ್ತಿಗೆ ಟ್ರಾಕ್ಟರೊಂದು ಬಂದು ನಿಂತಿತು. ಅದರಲ್ಲಿದ್ದವನಿಗೆ ಕಂಡದ್ದು ನೆಲದ ಮೇಲೆ ಮಲಗಿರುವ ಹೆಂಗಸು, ಪಕ್ಕದಲ್ಲಿ ಬಿಚ್ಚಿದ ಚಾಕು ಹಿಡಿದ ಗಂಡಸು. "ಎವರು ಪೊಡಿಚಿಂದಿ?" ಎಂದ. ಇರಿದವರು ಯಾರು ಎಂದು ಕೇಳುತ್ತಿದ್ದ. ಚಾಕು ನನ್ನ ಕೈಯಲ್ಲೇ ಇದ್ದುದರಿಂದ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೆ.

ಭಾವ ಎದ್ದು ನಿಂತು ಪಂಚೆಯ ಧೂಳು ಕೊಡವಿದರು.

"ಮಾ ಬಾಮ್ಮರ್ದಿ," ಅಂದರು. "ಕತ್ತಿ ನೇನೇ ತೆಮ್ಮನ್ನಾ."

ಇವನು ನನ್ನ ಭಾಮೈದ, ಕತ್ತಿ ತರಲು ನಾನೇ ಹೇಳಿದ್ದೆ. ಅಷ್ಟು ವರ್ಷ ಜನರ ಸುಳ್ಳನ್ನು ಬಸ್ಸಿನಿಂದ ಇಳಿಸಿದ ಮನುಷ್ಯ ಅದನ್ನು ಕಣ್ಣು ಮಿಟುಕಿಸದೆ ಹೇಳಿದರು. ನಾನು ತಲೆಯಾಡಿಸಿದೆ.

ಹತ್ತಿರದ ಡಾಕ್ಟರು ಅಕ್ಕನ ಕತ್ತು ತಿರುಗಿಸಿ ನೋಡಿ, ನೀರು ನುಂಗಿಸಿ ನೋಡಿ, ಮುಲಾಮು ಹಚ್ಚಿ, ದೇವರು ದೊಡ್ಡವನು ಎಂದರು. ಮನೆಗೆ ಹೋಗಿ ಮಲಗು ಎಂದು ನಾವೆಲ್ಲ ಹೇಳಿದರೂ ಅಕ್ಕ ಕೇಳಲಿಲ್ಲ. ಗಂಟಲು ಕಟ್ಟಿದ್ದರಿಂದ ಕೈಯಲ್ಲೇ ಆಟೋದವನಿಗೆ ದಾರಿ ತೋರಿಸಿದಳು. ಅನಸೂಯ ಉಳಿದ ಮೋಟು ಸೆರಗನ್ನು ಭುಜದ ಮೇಲೆ ತಂದು ಪಿನ್ನು ಹಾಕಿದಳು. ಮಂಟಪದಲ್ಲಿ ಗಂಡಿನ ತಾಯಿ ಅಕ್ಕನ ಕತ್ತಿನ ಕೆಂಪು ಬರೆಯನ್ನೂ ಸೆರಗನ್ನೂ ನೋಡಿ ಗಾಬರಿಯಾದರು. ಭಾವ ನಡೆದದ್ದನ್ನು ಹೇಳಿದರು. ಅವರು ಹೇಳಿದ್ದರಲ್ಲಿ ದೂರದೃಷ್ಟಿ ಪೂರ್ತಿ ಅವರದೇ ಆಗಿತ್ತು, ನಾನು ತಂದುಕೊಟ್ಟವನು ಅಷ್ಟೆ. ಅಷ್ಟಕ್ಕೇ ಬಿಡದೆ ನನ್ನ ಜೇಬಿಗೆ ಕೈ ಚಾಚಿ ಚಾಕು ಇಸಿದುಕೊಂಡು, ಅಂಜುಬುರುಕ ಬೀಗರ ಸಾಲಿನಲ್ಲಿ ಒಬ್ಬೊಬ್ಬರಿಗೂ ತೋರಿಸಿಕೊಂಡು ಬಂದರು. ಗಂಡಿನ ತಾತ ಅದನ್ನು ಕಣ್ಣಿಗೆ ಒತ್ತಿಕೊಂಡರು. ನಿಶ್ಚಿತಾರ್ಥ ಚೆನ್ನಾಗಿ ನಡೆಯಿತು. ಬಾಳೆಹಣ್ಣು ಮಾತ್ರ ಸ್ವಲ್ಪ ಜಜ್ಜಿದ್ದವು.

ಊರಿಗೆ ಬಂದ ಮೇಲೆ ಅನಸೂಯ, ತುದಿ ಮುರಿದದ್ದನ್ನು ಇಟ್ಟುಕೊಂಡು ಏನು ಮಾಡುತ್ತೀರಿ, ಬೇರೆ ತಗಳಿ ಎಂದು ಟ್ರಂಕಿನ ಬೀಗದ ಕೈ ಮುಂದೆ ಹಿಡಿದಳು. ಆಮೇಲೆ ನೋಡೋಣ ಎಂದೆ. ಈಗಲೂ ಅದನ್ನೇ ಇಟ್ಟುಕೊಂಡಿದ್ದೇನೆ. ಹುಣಸೆಹಣ್ಣಿನೊಳಗೆ ಮೊದಲಿನ ಹಾಗೆ ಇಳಿಯುವುದಿಲ್ಲ, ಸ್ವಲ್ಪ ಒತ್ತಬೇಕು. ಅದು ನನಗೆ ಇಷ್ಟವಾಯಿತೆಂದು ಹೇಳಲಾರೆ. ಬಾಷಾನ ಅಂಗಡಿಯ ಮುಂದಿನಿಂದಲೇ ನಡೆದು ಹೋಗುತ್ತೇನೆ.

ಇದೆಲ್ಲ ಆಮೇಲಿನದು. ಆ ದಿನ ಮಧ್ಯಾಹ್ನ ಮಂಟಪದಿಂದ ಅಕ್ಕನ ಮನೆಗೆ ಬಂದೆವು. ಭಾವ ಬೈಕಿನ ಚೈನಿನಿಂದ ಸೆರಗಿನ ತುಂಡು ಬಿಡಿಸಲು ಮೆಕ್ಯಾನಿಕ್ಕಿನ ಹತ್ತಿರ ಹೋಗಿದ್ದರು. ಅನಸೂಯಳೂ ಪದ್ಮಳೂ ಒಳಗೆ ಮಲಗಿದ್ದರು. ಅಕ್ಕ ಬೇರೆ ಸೀರೆ ಉಟ್ಟು, ಪಡಸಾಲೆಯಲ್ಲಿ ಗೋಡೆಗೆ ಒರಗಿ, ಅಪ್ಪನ ಸೀರೆಯನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಕೊಯ್ದ ಕಡೆ ಎಳೆಗಳು ಎದ್ದು ಜೋತಾಡುತ್ತಿದ್ದವು. ಎಳೆಗಳನ್ನು ಬೆರಳಿನಿಂದ ಬಾಚುವ ಹಾಗೆ ನೇರ ಮಾಡುತ್ತಿದ್ದಳು. ನಾನು ಎದುರಿಗೆ ಕೂತೆ. ಅಳುವುದಕ್ಕೆ ನಮ್ಮಿಬ್ಬರಿಗೂ ಅದೇ ಸರಿಯಾದ ಹೊತ್ತಾಗಿತ್ತು. ನಮ್ಮ ಮನೆಯಲ್ಲಿ ಆ ಅಭ್ಯಾಸವಿಲ್ಲ.

"ಅಕ್ಕ, ಆವಾಗ ನನ್ನ ಕೈ ಹಿಡ್ಕಂಡ್ಯಲ್ಲ," ಎಂದೆ. "ಬೇಗ ಕೊಯ್ಯಿ ಅಂತಲಾ, ಬ್ಯಾಡ ಅಂತಲಾ?"

ಅವಳ ಗಂಟಲು ಇನ್ನೂ ಸರಿಯಾಗಿರಲಿಲ್ಲ. ಮಾತು ಪಿಸುಗುಟ್ಟಿದ ಹಾಗೆ ಬಂತು.

"ಬ್ಯಾಡ ಅಂತ ಕಣ್ಲಾ. ಅಪ್ಪ ನೇಯ್ದಿದ್ದು." ಇನ್ನೊಂದು ಎಳೆ ನೇರ ಮಾಡಿದಳು. "ನೀನು ಯಾವತ್ತು ನನ್ನ ಮಾತು ಕೇಳಿದ್ದೀಯ."

ಅವಳು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು, ಎದ್ದ ಎಳೆಗಳನ್ನು ಕತ್ತರಿಸಿ ಮಡಿಸಿ ಹೊಲಿದರೆ ಇನ್ನೂ ಉಡಬಹುದು ಎಂದಳು. ಆಮೇಲೆ ಚಾಕು ಕೊಡು ಎಂದು ಕೇಳಿದಳು. ಜೇಬಿನಿಂದ ತೆಗೆದು, ಬಿಚ್ಚಿ, ಹಿಡಿಯನ್ನು ಅವಳ ಕಡೆ ಮಾಡಿ ಕೈ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ಕೈಗೆ ಕೈ ಕೊಡಬ್ಯಾಡ, ಜಗಳ ಆಯ್ತದೆ. ಕೆಳಗಿಕ್ಕು. ನಿನ್ನ ಕೂಟೆ ಜಗಳ ಆಡೋ ಶಕ್ತಿ ಇಲ್ಲ ಇವತ್ತು."

ಕೆಳಗಿಟ್ಟೆ. ಆ ಒಂದು ಮಾತು ಕೇಳಿದೆ.